ಏಣಿ ಹತ್ತದ ದಿನಗಳ ಗಾಳಿ

ನಮ್ಮ ಭಾವ ಮೂವತ್ತೊಂದು ವರ್ಷ ಗಾಳಿ ಅಳೆದರು. ಹೀಗೆಂದರೆ ಜನ ನಗುತ್ತಾರೆ. ನಗಲಿ, ಅಕ್ಕನಿಗೆ ಇವರನ್ನು ಗೊತ್ತುಮಾಡಿದಾಗ ನಾನೂ ಹೊಟ್ಟೆ ಹಿಡಿದುಕೊಂಡು ನಕ್ಕವನೇ. ಹುಡುಗನಿಗೆ ಏನು ಕೆಲಸ ಎಂದು ನೆಂಟರು ಕೇಳಿದರೆ ನಮ್ಮಪ್ಪ "ಸರ್ಕಾರಿ ಕೆಲಸ, ಬಂದರಿನಲ್ಲಿ" ಎಂದಷ್ಟೇ ಹೇಳಿ ಬೇರೆ ಮಾತಿಗೆ ಹಾರುತ್ತಿದ್ದರು. ಊರಿನವರಿಗೆ ಅಂಥ ಮುಲಾಜಿರಲಿಲ್ಲ. ಅವರು ಭಾವನಿಗೆ ಗಾಳಿ ಗುಮಾಸ್ತ ಎಂದು ಹೆಸರಿಟ್ಟರು. ಆ ಹೆಸರು ಹೇಗೆ ಅಂಟಿಕೊಂಡಿತೆಂದರೆ, ಹೊಸದಾಗಿ ಬಂದ ಅಂಚೆಯವನು ಕೂಡ ಅದನ್ನೇ ಹೇಳಿ ಮನೆ ವಿಚಾರಿಸುತ್ತಿದ್ದ.

ಬಂದರಿನ ಕೊನೆಯಲ್ಲಿ, ಮಂಜುಗಡ್ಡೆ ಕಾರ್ಖಾನೆಯ ಬೆನ್ನಿಗೆ ಅವರ ಕಚೇರಿ. ಕಚೇರಿ ಎಂದರೆ ಒಂದೇ ಕೋಣೆ, ಒಂದು ಮೇಜು, ಒಂದು ಕಪಾಟು, ತಗಡಿನ ಮಾಡು. ಪಕ್ಕದಲ್ಲಿ ಕಬ್ಬಿಣದ ಗೋಪುರ. ಗೋಪುರದ ನೆತ್ತಿಯಲ್ಲಿ ಗಿರಗಿರನೆ ತಿರುಗುವ ಬಟ್ಟಲುಗಳು, ಅವುಗಳ ಕೆಳಗೆ ಗಡಿಯಾರದಂಥ ಒಂದು ಮುಳ್ಳು. ಆ ಮುಳ್ಳು ತೋರಿಸುವ ಅಂಕಿ ತಂತಿಯ ಮೂಲಕ ಕೆಳಗೆ ಕೋಣೆಗೆ ಬರಬೇಕಿತ್ತು. ಭಾವ ಕೆಲಸಕ್ಕೆ ಸೇರುವ ಮೊದಲೇ ಉಪ್ಪುಗಾಳಿಗೆ ತಂತಿ ತುಕ್ಕು ಹಿಡಿದು ಕಿತ್ತುಹೋಗಿತ್ತು. ದುರಸ್ತಿ ಮಾಡಿಸಿ ಎಂದು ಭಾವ ವರ್ಷಕ್ಕೊಂದರಂತೆ ಮೂವತ್ತೊಂದು ಪತ್ರ ಬರೆದರು. ಮೂವತ್ತೊಂದಕ್ಕೂ "ಪರಿಶೀಲನೆಯಲ್ಲಿದೆ" ಎಂದು ಉತ್ತರ ಬಂತು. ಪರಿಶೀಲನೆ ಮುಗಿಯುವ ತನಕ ಅಂಕಿ ಕೆಳಗೆ ಬರದಿದ್ದರೆ ಮನುಷ್ಯನೇ ಮೇಲೆ ಹೋಗಬೇಕಲ್ಲ. ದಿನಕ್ಕೆ ಮೂರು ಸಲ, ಎಂಟಕ್ಕೆ, ಹನ್ನೆರಡಕ್ಕೆ, ನಾಲ್ಕಕ್ಕೆ, ಎಂಬತ್ತನಾಲ್ಕು ಮೆಟ್ಟಿಲಿನ ಏಣಿ ಹತ್ತಿ ಇಳಿಯುವುದೇ ಭಾವನ ಉದ್ಯೋಗವಾಯಿತು.

ಇಲ್ಲಿ ಎರಡು ಸುತ್ತೋಲೆಗಳ ಕಥೆ ಹೇಳಬೇಕು. ಭಾವನಿಗಿಂತ ಮೊದಲು ಆ ಕೆಲಸದಲ್ಲಿದ್ದವರು ಜೋರು ಗಾಳಿಯಲ್ಲಿ ಏಣಿಯಿಂದ ಬಿದ್ದು ಸೊಂಟ ಮುರಿದುಕೊಂಡಿದ್ದರು. ಕೂಡಲೇ ಬಂದರಿನ ಕಚೇರಿ ಎಚ್ಚೆತ್ತು ಸುತ್ತೋಲೆ ಹೊರಡಿಸಿತು: ಬಂದರಿನ ಬಾವುಟ ನೆಟ್ಟಗೆ ಚಾಚಿ ನಿಂತಿದ್ದರೆ ಯಾರೂ ಗೋಪುರ ಹತ್ತತಕ್ಕದ್ದಲ್ಲ. ಇದು ಒಂದನೆಯದು. ಮುಖ್ಯ ಕಚೇರಿಯವರಿಗೆ ಸೊಂಟದ ವಿಷಯ ಗೊತ್ತಿರಲಿಲ್ಲ, ಅವರಿಗೆ ಗೊತ್ತಿದ್ದುದು ಪುಸ್ತಕ ಮಾತ್ರ. ಅವರ ಸುತ್ತೋಲೆ: ಪುಸ್ತಕದ ಯಾವ ಖಾನೆಯನ್ನೂ ಖಾಲಿ ಬಿಡತಕ್ಕದ್ದಲ್ಲ, ಬಿಟ್ಟರೆ ಆ ದಿನದ ಸಂಬಳ ಕಟ್. ಇದು ಎರಡನೆಯದು. ಹತ್ತುವಂತಿಲ್ಲ, ಖಾಲಿ ಬಿಡುವಂತೆಯೂ ಇಲ್ಲ. ಹಾಗಾದರೆ ಏನು ಬರೆಯಬೇಕು ಎಂದು ಭಾವ ಆಸ್ಪತ್ರೆಗೆ ಹೋಗಿ ಸೊಂಟ ಮುರಿದವರನ್ನೇ ಕೇಳಿದರು. ಅವರು ಮಲಗಿದಲ್ಲಿಂದಲೇ ಹೇಳಿದರಂತೆ: "ಹಿಂದಿನ ಸಲ ಏನಿತ್ತೋ ಅದನ್ನೇ ಬರಿಯಪ್ಪ. ಅದನ್ನ ಯಾರು ಓದ್ತಾರೆ?"

ಅಂದಿನಿಂದ ಭಾವ ಎರಡೂ ಸುತ್ತೋಲೆಗಳನ್ನು ಚಾಚೂ ತಪ್ಪದೆ ಪಾಲಿಸಿದರು. ಬಾವುಟ ಪೂರ್ತಿ ಚಾಚಿರದಿದ್ದರೆ ಹತ್ತಿ ನೋಡಿ ಬರೆಯುವುದು, ನೆಟ್ಟಗೆ ನಿಂತಿದ್ದರೆ ಕೆಳಗೇ ಕೂತು ಹಿಂದಿನದ್ದನ್ನು ಬರೆಯುವುದು. ಪರಿಣಾಮವಾಗಿ, ಪುಸ್ತಕದ ಪ್ರಕಾರ, ನಮ್ಮೂರಿನಲ್ಲಿ ಮೂವತ್ತೊಂದು ವರ್ಷ ಜೋರಾಗಿ ಗಾಳಿಯೇ ಬೀಸಲಿಲ್ಲ. ಅವರ ಕಚೇರಿಯ ತಗಡಿನ ಮಾಡು ಹಾರಿಹೋಗಿ ಮಂಜುಗಡ್ಡೆ ಕಾರ್ಖಾನೆಯ ಅಂಗಳದಲ್ಲಿ ಬಿದ್ದ ದಿನ, ಭಾವ ಮೇಜಿನ ಕೆಳಗೆ ಕೂತು, ಪುಸ್ತಕವನ್ನು ತೊಡೆಯ ಮೇಲಿಟ್ಟುಕೊಂಡು, ಗುಂಡಗಿನ ಅಕ್ಷರದಲ್ಲಿ "ಏಳು" ಎಂದು ಬರೆದು ಸಹಿ ಹಾಕಿದರು. ಸೆಕೆಂಡಿಗೆ ಏಳು ಮೀಟರ್. ಒಣಹಾಕಿದ ಬಟ್ಟೆ ಆರುವುದಕ್ಕೆ ಬೇಕಾದಷ್ಟು ಗಾಳಿ.

ತಿಂಗಳಿಗೊಮ್ಮೆ ಪುಸ್ತಕದ ಪ್ರತಿ ಮುಖ್ಯ ಕಚೇರಿಗೆ ಹೋಗಿ, "ನೋಡಲಾಯಿತು" ಎಂಬ ಮೊಹರು ಹೊಡೆಸಿಕೊಂಡು ವಾಪಸು ಬರುತ್ತಿತ್ತು. ಐವತ್ತೆಂಟಕ್ಕೆ ಭಾವ ನಿವೃತ್ತರಾದರು. ಅವರ ಹುದ್ದೆಯನ್ನೇ ರದ್ದು ಮಾಡಿ ಗೋಪುರದ ಮೇಲೆ ಒಂದು ಯಂತ್ರ ಕೂರಿಸಿದರು. ಅದು ಏಣಿ ಹತ್ತುವುದಿಲ್ಲ, ಸುತ್ತೋಲೆ ಓದುವುದಿಲ್ಲ, ಅದಕ್ಕೆ ಸೊಂಟವೂ ಇಲ್ಲ. ಭಾವ ಮನೆಯಲ್ಲಿ ಕೂತು, ಕಿಟಕಿಯಿಂದ ಎದುರುಮನೆಯ ಬಟ್ಟೆಗಳನ್ನು ನೋಡುತ್ತಾ "ಇವತ್ತು ಎಂಟಿರಬೇಕು" ಎಂದು ಹೇಳುತ್ತಿದ್ದರು. ಅಕ್ಕ "ಎಂಟಾದ್ರೇನು, ಹದಿನೆಂಟಾದ್ರೇನು, ಬಾಗಿಲು ಹಾಕ್ರೀ, ಧೂಳು ಬರ್ತಿದೆ" ಎನ್ನುತ್ತಿದ್ದಳು.

ಕಥೆ ಇಲ್ಲಿಗೇ ಮುಗಿಯಬೇಕಿತ್ತು. ಆದರೆ ಸಮುದ್ರದಲ್ಲಿ ಗಾಳಿಗಿರಣಿ ನೆಡಬೇಕೆಂದು ಒಂದು ಕಂಪನಿಗೆ ಮನಸ್ಸಾಯಿತು.

ದಡದಿಂದ ಕಾಣುವಷ್ಟು ದೂರದಲ್ಲಿ ಎಪ್ಪತ್ತು ಗಿರಣಿಗಳು, ಒಂದೊಂದೂ ಮುಗಿಲಿಗೆ ಮೂಗು ತಾಗುವಷ್ಟು ಎತ್ತರ. ಕರೆಂಟು ಬರುತ್ತದೆ, ಹೊಗೆ ಇಲ್ಲ, ಎಲ್ಲಾ ಸರಿ. ಆದರೆ ನೀರಿನೊಳಗೆ ಕಂಬ ನೆಡುವುದೆಂದರೆ ಹಿತ್ತಲಲ್ಲಿ ಗೂಟ ಹೊಡೆದ ಹಾಗಲ್ಲ, ಖರ್ಚು ಜಾಸ್ತಿ. ಅದಕ್ಕೆ ಕಂಪನಿ ಸರ್ಕಾರದಿಂದ ಖಾತರಿ ಬೆಲೆ ಕೇಳಿತು. ಅಂದರೆ ಹೀಗೆ: ಪೇಟೆಯಲ್ಲಿ ಒಂದು ಯೂನಿಟ್ ಕರೆಂಟು ಐದು ರೂಪಾಯಿಗೆ ಸಿಗುತ್ತಿದ್ದರೂ ಕಂಪನಿಗೆ ಒಂಬತ್ತು ಕೊಡಬೇಕು, ನಡುವಿನ ನಾಲ್ಕನ್ನು ಊರವರ ಬಿಲ್ಲಿಗೆ ಸೇರಿಸಬೇಕು, ಇಪ್ಪತ್ತು ವರ್ಷ. ಒಂಬತ್ತೇ ಯಾಕೆ? ಗಾಳಿ ಕಡಿಮೆ ಇರುವ ಕಡೆ ಗಿರಣಿ ಕಡಿಮೆ ತಿರುಗುತ್ತದೆ, ಕಡಿಮೆ ತಿರುಗಿದರೆ ಕಡಿಮೆ ಕರೆಂಟು, ಹಾಗಾಗಿ ಯೂನಿಟ್ಟಿಗೆ ಹೆಚ್ಚು ಬೆಲೆ. ಗಾಳಿ ಚೆನ್ನಾಗಿದ್ದರೆ ಆರು ಕೊಟ್ಟರೂ ಸಾಕಾಗುತ್ತಿತ್ತು. ಈ ಲೆಕ್ಕಾಚಾರ ಕಂಪನಿಯ ಕಾಗದದ ಇಪ್ಪತ್ತೆರಡನೇ ಪುಟದಲ್ಲೇ ಇತ್ತು.

ಊರಿನಲ್ಲಿ ಒಂದೇ ವಾರದಲ್ಲಿ ಎಲ್ಲರೂ ಅರ್ಥಶಾಸ್ತ್ರಜ್ಞರಾದರು. ಕ್ಷೌರದಂಗಡಿಯವನು ನನ್ನ ಕುತ್ತಿಗೆಗೆ ಕತ್ತಿ ಹಿಡಿದುಕೊಂಡು ಸಬ್ಸಿಡಿ ಯಾಕೆ ಬೇಕು ಎಂದು ವಿವರಿಸಿದ. ನಾನು ಆ ಹೊತ್ತಿನಲ್ಲಿ ಒಪ್ಪಿಕೊಂಡೆ. ವಿರೋಧಿಸುವವರು ತೆರಿಗೆದಾರರ ವೇದಿಕೆ ಎಂದು ಒಂದನ್ನು ಕಟ್ಟಿದರು, ಅದಕ್ಕೆ ನಿವೃತ್ತ ಬ್ಯಾಂಕ್ ಮ್ಯಾನೇಜರ್ ಅಧ್ಯಕ್ಷರು. ಬ್ಯಾಂಕಿನಲ್ಲಿದ್ದಾಗ ಸಾಲ ಕೇಳಲು ಹೋದವರನ್ನೆಲ್ಲ ಅನುಮಾನದಿಂದ ನೋಡುತ್ತಿದ್ದ ಮನುಷ್ಯ, ನಿವೃತ್ತಿಯ ಮೇಲೆ ಅನುಮಾನಕ್ಕೆ ಗಿರಾಕಿಯಿಲ್ಲದೆ ಒದ್ದಾಡುತ್ತಿದ್ದರು. ಕಂಪನಿ ಅವರ ಪಾಲಿಗೆ ವರವಾಗಿ ಬಂತು. "ಗಾಳಿಯೇ ಇಲ್ಲದ ಊರಲ್ಲಿ ಗಾಳಿಗಿರಣಿ! ಒಂಬತ್ತು ಕೊಟ್ಟು ಕರೆಂಟು ಕೊಳ್ಳೋ ಬದಲು ಬುಡ್ಡಿ ಹಚ್ಕೊಂಡು ಕೂರೋದು ಲೇಸು" ಎಂದು ಅವರು ಸಿಕ್ಕಸಿಕ್ಕಲ್ಲಿ ಭಾಷಣ ಬಿಗಿದರು. ಗಾಳಿಯೇ ಇಲ್ಲ ಎನ್ನುವುದಕ್ಕೆ ಆಧಾರವೇನು? ಭಾವನ ಪುಸ್ತಕ. ಕಂಪನಿ ಒಂಬತ್ತು ಕೇಳುವುದಕ್ಕೆ ಆಧಾರವೇನು? ಅದೂ ಭಾವನ ಪುಸ್ತಕ. ಒಬ್ಬರಿಗೆ ಯೋಜನೆ ಬೇಕು, ಇನ್ನೊಬ್ಬರಿಗೆ ಬೇಡ, ಗಾಳಿ ಕಡಿಮೆ ಇರುವುದು ಇಬ್ಬರಿಗೂ ಬೇಕು.

ಬೆಲೆ ತೀರ್ಮಾನಿಸಲು ಸರ್ಕಾರ ಒಬ್ಬ ವಿಚಾರಣಾಧಿಕಾರಿಯನ್ನು ನೇಮಿಸಿ, ಪುರಭವನದಲ್ಲಿ ಬಹಿರಂಗ ಸಭೆ ಗೊತ್ತುಮಾಡಿತು. ಪುಸ್ತಕಗಳು ಒಟ್ಟು ಮೂವತ್ತೊಂದು. ಅವುಗಳ ನೆರಳಚ್ಚು ಪ್ರತಿ ತೆಗೆಯುವ ಕೆಲಸ ನನ್ನ ಅಂಗಡಿಗೆ ಬಂತು. ತಾಲ್ಲೂಕು ಕಚೇರಿಯ ಎದುರು ಜೆರಾಕ್ಸ್ ಅಂಗಡಿ ಇಟ್ಟುಕೊಂಡು ಇಪ್ಪತ್ತೆರಡು ವರ್ಷ ಬರೀ ಪಡಿತರ ಚೀಟಿ, ಅಂಕಪಟ್ಟಿ ತೆಗೆಯುತ್ತಿದ್ದವನಿಗೆ ಒಮ್ಮೆಗೇ ಎಂಟು ಸಾವಿರ ಪುಟ. ಕಂಪನಿಗೆ, ವೇದಿಕೆಗೆ, ವಿಚಾರಣಾಧಿಕಾರಿಗೆ, ಎಲ್ಲರಿಗೂ ಒಂದೊಂದು ಸೆಟ್ಟು. ಯಾರೂ ಪುಟ ತಿರುಗಿಸಿ ಓದಲಿಲ್ಲ. ಅಂಕಿಗಳನ್ನು ಯಾರೋ ಕಂಪ್ಯೂಟರಿಗೆ ತುಂಬಿದರು, ಅದು ಸರಾಸರಿ ಹೇಳಿತು: ಆರು ಪಾಯಿಂಟ್ ಏಳು ಮೂರು ಎರಡು. ಭಾವ ತಮ್ಮ ಜನ್ಮದಲ್ಲಿ ಪಾಯಿಂಟ್ ಇಟ್ಟವರಲ್ಲ. ಅವರ ಮುಳ್ಳಿಗೇ ಅರ್ಧ ಅಂಕಿಯಷ್ಟು ನಡುಕವಿತ್ತು. ಆದರೆ ಪಾಯಿಂಟಿನಾಚೆ ಮೂರು ಅಂಕಿ ಕಂಡಮೇಲೆ ಎಂಥವರಿಗೂ ಕೈ ಮುಗಿಯುವ ಹಾಗಾಗುತ್ತದೆ.

ಪ್ರತಿಯೊಂದು ಪುಟವನ್ನೂ ಕಣ್ಣಾರೆ ನೋಡಿದವನು ನಾನೊಬ್ಬನೇ. ನೋಡದೆ ವಿಧಿಯಿರಲಿಲ್ಲ, ಪುಟ ಓರೆಯಾದರೆ ಯಂತ್ರ ಕಾಗದ ನುಂಗುತ್ತದೆ. ಹದಿನಾಲ್ಕನೇ ಪುಸ್ತಕದಲ್ಲಿ ನನ್ನ ಅಂಗಡಿಯ ಬೋರ್ಡು ಹಾರಿ ಎರಡು ಬೀದಿಯಾಚೆ ಬಿದ್ದ ದಿನ ಸಿಕ್ಕಿತು. ಆ ವಾರವಿಡೀ ಏಳು, ಏಳು, ಏಳು. ನನಗೆ ನಗು ತಡೆಯಲಾಗಲಿಲ್ಲ. ಹಿಂದಕ್ಕೆ ತಿರುವಿ ನೋಡಿದರೆ ಮುಗಿದ ಎಲ್ಲಾ ಪುಸ್ತಕದಲ್ಲೂ ಇದೇ ಕಥೆ, ನಾಲ್ಕು ದಿನ ಒಂದೇ ಅಂಕಿ, ಒಂಬತ್ತು ದಿನ ಒಂದೇ ಅಂಕಿ. ನಾನು ಬಾಯಿ ಬಿಡಲಿಲ್ಲ. ಇನ್ನೂ ಹದಿನೇಳು ಪುಸ್ತಕ ಬಾಕಿ ಇತ್ತು, ನನಗೆ ಹುಚ್ಚೇನೂ ಹಿಡಿದಿರಲಿಲ್ಲ.

ಅತ್ತ ಭಾವನ ಮನೆಗೆ ಸಾಲಾಗಿ ಜನ. ಮ್ಯಾನೇಜರ್ ಸಾಹೇಬರು ಕಿತ್ತಳೆ ಹಣ್ಣಿನ ಚೀಲ ಹಿಡಿದು ಬಂದು "ನಿಮ್ಮಂಥ ಪ್ರಾಮಾಣಿಕರು ಇರೋದ್ರಿಂದ ದೇಶ ಉಳಿದಿದೆ" ಎಂದರು. ಮಾರನೇ ದಿನ ಕಂಪನಿಯ ಮೇಡಂ, ಚಿಕ್ಕ ವಯಸ್ಸಿನ ಚುರುಕು ಹೆಂಗಸು, ಪುಸ್ತಕದ ಮೊದಲ ಪುಟಕ್ಕೆ ಗಾಜಿನ ಚೌಕಟ್ಟು ಹಾಕಿಸಿ ತಂದುಕೊಟ್ಟರು. ಮೂವತ್ತೊಂದು ವರ್ಷ ಒಂದು ತಂತಿ ಹಾಕಿಸಿಕೊಳ್ಳಲಾಗದ ಮನುಷ್ಯನಿಗೆ ಎರಡೇ ದಿನದಲ್ಲಿ ಇಷ್ಟು ಗೌರವ! ಭಾವ ಉಬ್ಬಿಹೋದರು. ಕೂದಲಿಗೆ ಎಣ್ಣೆ ಹಚ್ಚಿ ಬಾಚಿಕೊಂಡು, ಬೆಳಿಗ್ಗೆಯಿಂದಲೇ ಇಸ್ತ್ರಿಯ ಅಂಗಿ ಹಾಕಿಕೊಂಡು ಕೂರುತ್ತಿದ್ದರು. ಅಕ್ಕ ಮಾತ್ರ ಕಿತ್ತಳೆ ಸುಲಿಯುತ್ತಾ ಮೂಗು ಮುರಿದಳು. "ಸುಮ್ಮನೆ ಯಾರಾದ್ರೂ ಹಣ್ಣು ತರ್ತಾರಾ? ಏನು ಬರೆದಿಟ್ಟಿದ್ದೀರೋ ಏನೋ" ಎಂದಳು.

ಎಡವಟ್ಟಾದದ್ದು ಭಾವ ಒಂದು ಪ್ರಶ್ನೆ ಕೇಳಿದ್ದರಿಂದ. ಮೇಡಂ ಎರಡನೇ ಸಲ ಬಂದಾಗ ನಾನೂ ಅಲ್ಲಿದ್ದೆ. ಚಹಾ ಕುಡಿಯುತ್ತಾ ಭಾವ ಕೇಳಿದರು: "ಅಲ್ಲಮ್ಮ, ಗೋಪುರದ ಮೇಲೆ ಈಗ ಹೊಸ ಯಂತ್ರ ಇದೆಯಲ್ಲ. ಅದು ಬಿಟ್ಟು ನನ್ನ ಹಳೇ ಪುಸ್ತಕ ಯಾಕೆ?"

ಮೇಡಂಗೆ ಇಂಥ ಪ್ರಶ್ನೆ ಎಂದರೆ ಖುಷಿ. ಬಿಸ್ಕತ್ತಿನ ಪೊಟ್ಟಣ ಹರಿದು ಅದರ ಹಿಂಭಾಗದಲ್ಲಿ ಪೆನ್ನಿನಿಂದ ಗೆರೆ ಎಳೆದರು. "ಯಂತ್ರ ಕಳೆದ ವರ್ಷ ಎಂಟು ಪಾಯಿಂಟ್ ಒಂಬತ್ತು ತೋರಿಸ್ತು. ಸಮುದ್ರದಲ್ಲಿ ನಾವು ತೇಲಿಬಿಟ್ಟ ಯಂತ್ರ ಇನ್ನೂ ಜಾಸ್ತಿ ತೋರಿಸ್ತು. ಅದನ್ನೇ ನಂಬಿದ್ರೆ ಆರು ಕೇಳಬೇಕಾಗಿತ್ತು. ಆದ್ರೆ ಸರ್, ನಿಮ್ಮ ಮೂವತ್ತೊಂದು ವರ್ಷದಲ್ಲಿ ಒಂದು ವರ್ಷನೂ ಏಳು ದಾಟಿಲ್ಲ. ಅಂದ್ರೆ ಕಳೆದ ವರ್ಷ ಏನೋ ವಿಚಿತ್ರವಾಗಿ ಗಾಳಿ ಬೀಸಿದೆ ಅಂತ ಅರ್ಥ. ಅದಕ್ಕೆ ನಮ್ಮ ತಜ್ಞರು ನಿಮ್ಮ ಪುಸ್ತಕಕ್ಕೆ ಹೊಂದಿಸಿ ಕಾಲು ಭಾಗ ಇಳಿಸಿದ್ರು. ಹಾಗಾಗಿ ಒಂಬತ್ತು."

"ಈ ಮೂರು ಹೆಚ್ಚಾಗಿದ್ದು ನನ್ನಿಂದನಾ?" ಎಂದರು ಭಾವ.

"ನಿಮ್ಮಿಂದಾನೇ ಸರ್!" ಎಂದರು ಮೇಡಂ, ಬಹುಮಾನ ಬಂದ ಸುದ್ದಿ ಹೇಳುವವರ ಧಾಟಿಯಲ್ಲಿ.

ಭಾವನ ಕೈಯಲ್ಲಿದ್ದ ಬಿಸ್ಕತ್ತು ಚಹಾದಲ್ಲಿ ಮುಳುಗಿ ಕರಗಿಹೋಯಿತು. ಅವರಿಗೆ ಅದು ಗೊತ್ತಾಗಲಿಲ್ಲ.

ಆ ಮಧ್ಯಾಹ್ನ ಅವರು ನನ್ನ ಅಂಗಡಿಗೆ ಬಂದರು. ಮೂಲ ಪುಸ್ತಕಗಳು ಇನ್ನೂ ನನ್ನ ಬಳಿಯೇ ಇದ್ದವು. ಒಂದೊಂದನ್ನೇ ತೆಗೆದು, ಕನ್ನಡಕ ಏರಿಸಿ, ಏಣಿ ಹತ್ತದ ದಿನಗಳನ್ನು ಪೆನ್ಸಿಲ್ಲಿನಿಂದ ಒಂದು ಚೀಟಿಯಲ್ಲಿ ಎಣಿಸುತ್ತಾ ಹೋದರು. ಎಂಟನೇ ಪುಸ್ತಕಕ್ಕೆ ಪೆನ್ಸಿಲ್ಲು ಕೆಳಗಿಟ್ಟರು. "ವರ್ಷದಲ್ಲಿ ಮೂರರಲ್ಲಿ ಒಂದು ದಿನ ಹತ್ತೇ ಇಲ್ಲ ಕಣೋ. ಜೋರು ಗಾಳಿಯ ದಿನ ಒಂದೂ ಇದರಲ್ಲಿ ಇಲ್ಲ. ಇರೋದೆಲ್ಲಾ ಸಪ್ಪೆ ದಿನಗಳೇ" ಎಂದರು.

"ಗೊತ್ತು ಭಾವ" ಎಂದೆ. ಬಾಯಿತಪ್ಪಿ ಬಂದ ಮಾತು.

ಅವರು ನನ್ನನ್ನು ದಿಟ್ಟಿಸಿ ನೋಡಿದರು. ಬೈಯಲಿಲ್ಲ. "ನೀನು ನೋಡಿದ್ದೀಯಾ? ಒಳ್ಳೇದಾಯ್ತು ಬಿಡು. ನಾನು ಸಭೆಯಲ್ಲಿ ಹೇಳ್ತೀನಿ. ನನ್ನ ಮಾತು ನಂಬದೆ ಇದ್ರೆ ನೀನೂ ನೋಡಿದ್ದೀನಿ ಅಂತ ಎದ್ದು ಹೇಳ್ತೀಯಲ್ಲ?"

"ಹೇಳ್ದೆ ಇರ್ತೀನಾ ಭಾವ?" ಎಂದೆ. ಆಗ ಮನಸಾರೆ ಹೇಳಿದ ಮಾತೇ ಅದು.

ಮನೆಯಲ್ಲಿ ಮೂರು ದಿನ ರಣರಂಗ. ಕೆಲಸದಲ್ಲಿ ತಪ್ಪು ಮಾಡಿದೆ ಎಂದು ತುಂಬಿದ ಸಭೆಯಲ್ಲಿ ಒಪ್ಪಿಕೊಂಡರೆ ಪಿಂಚಣಿ ನಿಲ್ಲಿಸಬಹುದು, ಅಂಥ ನಿಯಮವಿದೆ. ಅವರಿಬ್ಬರ ಬದುಕು ನಡೆಯುತ್ತಿದ್ದುದೇ ಅದರಿಂದ. ಅಕ್ಕ ಅತ್ತಳು, ರೇಗಿದಳು, ಅಡುಗೆಮನೆಯಲ್ಲಿ ಪಾತ್ರೆಗಳಿಗೆ ಬುದ್ಧಿ ಹೇಳಿದಳು. "ನಾನು ಬೇಕಾದ್ರೆ ಆ ನಾಲ್ಕೂ ಕಟ್ತೀನಿ ರೀ, ಬಿಲ್ಲು ತಾನೇ! ಊರಲ್ಲಿ ಯಾರೂ ಕೇಳ್ತಿಲ್ಲ, ನಿಮಗೊಬ್ಬರಿಗೇ ಯಾಕೆ ಈ ಉರಿ?"

"ಆ ಮಂಜುಗಡ್ಡೆ ಕಾರ್ಖಾನೆಯವನೂ ಕಟ್ಟಬೇಕು, ಅಂಚೆಯವನೂ ಕಟ್ಟಬೇಕು. ಇಪ್ಪತ್ತು ವರ್ಷ" ಎಂದರು ಭಾವ. "ಅದೆಲ್ಲಾ ಹಾಗಿರಲಿ. ನಾನು ಬೇರೆ ಏನು ಮಾಡಿದ್ದೀನಿ ಹೇಳು, ಆ ಪುಸ್ತಕ ಬಿಟ್ಟು?"

ಸಭೆಯ ದಿನ ಅಕ್ಕನೇ ಅಂಗಿಗೆ ಇಸ್ತ್ರಿ ಮಾಡಿಕೊಟ್ಟಳು.

ಪುರಭವನದಲ್ಲಿ ವಿಚಾರಣೆ. ವೇದಿಕೆಯ ಮೇಲೆ ವಿಚಾರಣಾಧಿಕಾರಿ, ಅವರ ಮುಂದೆ ಮೂವತ್ತೊಂದು ಪುಸ್ತಕಗಳ ಗೋಡೆ. ಗೋಡೆಯ ಹಿಂದಿನಿಂದ ಅವರ ಹಣೆ ಮಾತ್ರ ಕಾಣುತ್ತಿತ್ತು. ಎಡಕ್ಕೆ ಕಂಪನಿಯವರು, ಬಲಕ್ಕೆ ತೆರಿಗೆದಾರರ ವೇದಿಕೆಯವರು. ಬೆಳಿಗ್ಗೆಯಿಂದ ಎರಡು ಕಡೆಯವರೂ ಒಬ್ಬರನ್ನೊಬ್ಬರು ದೇಶದ್ರೋಹಿಗಳು ಎನ್ನುವ ಮಟ್ಟಕ್ಕೆ ಹೋಗಿ ಬಂದಿದ್ದರು. ನಾನು ಮತ್ತು ಅಕ್ಕ ಎರಡನೇ ಸಾಲಿನಲ್ಲಿ ಕೂತಿದ್ದೆವು. ಊಟದ ಬಿಡುವಿಗೆ ಸ್ವಲ್ಪ ಮೊದಲು ಭಾವನನ್ನು ಕರೆದರು. ಸಹಿ ತನ್ನದು ಎಂದು ಹೇಳಿ ಇಳಿಯಬೇಕಾದ ಎರಡು ನಿಮಿಷದ ಕೆಲಸ.

"ಇದು ನಿಮ್ಮ ಸಹಿಯೇನು?" ಎಂದು ವಿಚಾರಣಾಧಿಕಾರಿ ಕೇಳಿದರು.

"ಸಹಿ ನನ್ನದೇ ಸರ್. ಅಂಕಿಗಳಲ್ಲಿ ಕೆಲವು ಗಾಳಿಯದ್ದಲ್ಲ" ಎಂದರು ಭಾವ.

ಮೈಕು ಒಮ್ಮೆ ಕಿರುಚಿ ಸುಮ್ಮನಾಯಿತು. ಭಾವ ಕೈಕಟ್ಟಿಕೊಂಡು, ಶಾಲೆಯಲ್ಲಿ ಪಾಠ ಒಪ್ಪಿಸುವವರ ಹಾಗೆ, ತಂತಿ ಕಿತ್ತದ್ದು, ಬಾವುಟ, ಏಣಿ, ಎರಡು ಸುತ್ತೋಲೆ, ಮಾಡು ಹಾರಿದ ದಿನ, ಎಲ್ಲವನ್ನೂ ಹೇಳಿದರು. ಮಾಡಿನ ವಿಷಯ ಬಂದಾಗ ಸಭೆ ಬಿದ್ದು ಬಿದ್ದು ನಕ್ಕಿತು. ಭಾವ ನಗಲಿಲ್ಲ. "ಈ ಊರಲ್ಲಿ ಗಾಳಿ ಚೆನ್ನಾಗಿದೆ ಸರ್. ಆರು ಸಾಕು. ಒಂಬತ್ತು ಕೊಡಬೇಡಿ" ಎಂದು ಮುಗಿಸಿದರು.

ಆಗ ನಾನು ಕಂಡ ನೋಟವನ್ನು ಬೇರೆ ಯಾವ ಊರಿನಲ್ಲಾದರೂ ಕಂಡಿದ್ದಾರೋ ಇಲ್ಲವೋ. ಬೆಳಿಗ್ಗೆಯಿಂದ ಹಾವು ಮುಂಗುಸಿಯಂತಿದ್ದ ಎರಡು ಕಡೆಯವರೂ ಒಟ್ಟಿಗೇ ಎದ್ದು ನಿಂತರು, ಪುಸ್ತಕ ಬರೆದವನಿಂದ ಪುಸ್ತಕವನ್ನು ಕಾಪಾಡುವುದಕ್ಕೆ.

ಗಾಳಿ ಚೆನ್ನಾಗಿದ್ದು ಆರಕ್ಕೇ ಕರೆಂಟು ಸಿಗುವುದಾದರೆ ಮ್ಯಾನೇಜರ್ ಸಾಹೇಬರು ನಾಳೆಯಿಂದ ಯಾವುದನ್ನು ವಿರೋಧಿಸಬೇಕು? "ಹಿರಿಯರು ದಣಿದಿದ್ದಾರೆ ಸರ್, ವಯಸ್ಸಾಯ್ತು, ನೆನಪು ಕೈಕೊಡುತ್ತೆ. ಅವರ ಪ್ರಾಮಾಣಿಕತೆಗೆ ಆ ಪುಸ್ತಕಾನೇ ಸಾಕ್ಷಿ" ಎಂದರು, ಕಣ್ಣಲ್ಲಿ ನೀರು ತಂದುಕೊಂಡು. ಭಾವನಿಗಿಂತ ಅವರೇ ಆರು ವರ್ಷ ದೊಡ್ಡವರು.

ಮೇಡಂ ಇನ್ನೂ ನಯ. "ಮೂವತ್ತೊಂದು ವರ್ಷದ ಅಂಕಿಗಳಲ್ಲಿ ಸಣ್ಣಪುಟ್ಟ ಹೆಚ್ಚುಕಡಿಮೆ ಇದ್ದೇ ಇರುತ್ತೆ ಸರ್. ಒಂದಕ್ಕೊಂದು ಸರಿಹೋಗ್ತವೆ. ಅದು ಶಾಸ್ತ್ರ."

"ಸರಿಹೋಗೋಕೆ ಹೆಚ್ಚು ಬರೆದ ದಿನ ಒಂದಾದ್ರೂ ಬೇಕಲ್ಲಮ್ಮ" ಎಂದರು ಭಾವ. "ಎಲ್ಲಾ ಕಡಿಮೇನೇ."

ವಿಚಾರಣಾಧಿಕಾರಿ ಗಡಿಯಾರ ನೋಡಿದರು. ಅವರಿಗೆ ಸಂಜೆಯೊಳಗೆ ಆದೇಶ ಬರೆಯಬೇಕಿತ್ತು, ಆಧಾರವಿಲ್ಲದೆ ಬರೆಯುವ ಹಾಗಿಲ್ಲ, ಇದ್ದ ಆಧಾರವೆಂದರೆ ಮುಂದಿದ್ದ ಗೋಡೆ ಮಾತ್ರ. "ನೀವು ಸುತ್ತೋಲೆ ಪಾಲಿಸಿದ್ದೀರೋ ಇಲ್ವೋ?"

"ಎರಡೂ ಪಾಲಿಸಿದ್ದೀನಿ."

"ಮತ್ತೆ ತಪ್ಪೆಲ್ಲಿ ಬಂತು? ಪಿಂಚಣಿ ಬರ್ತಿದೆ ತಾನೆ? ಯೋಚನೆ ಮಾಡಿ ಮಾತಾಡಿ."

"ಯೋಚನೆ ಮಾಡೋಕೇ ಮೂರು ದಿನ ಹಿಡೀತು ಸರ್."

ಅಧಿಕಾರಿ ನಿಟ್ಟುಸಿರು ಬಿಟ್ಟು ಸಭೆಯ ಕಡೆ ನೋಡಿದರು. "ಸರಿ. ಬರೀ ಬಾಯಿಮಾತಿನ ಮೇಲೆ ಮೂವತ್ತೊಂದು ವರ್ಷದ ದಾಖಲೆ ತಳ್ಳಿಹಾಕೋಕೆ ಆಗಲ್ಲ. ಈ ಪುಸ್ತಕಗಳನ್ನ ಪುಟಪುಟ ನೋಡಿ, ಅಂಕಿಗಳು ಇವರು ಹೇಳಿದ ಹಾಗೇ ಇವೆ ಅಂತ ಹೇಳೋರು ಇಲ್ಲಿ ಬೇರೆ ಯಾರಾದ್ರೂ ಇದ್ದೀರಾ?"

ಭಾವ ವೇದಿಕೆಯ ಮೇಲಿಂದ ಎರಡನೇ ಸಾಲಿನತ್ತ ನೋಡಿದರು. ಅವರ ಮುಖದಲ್ಲಿ ಆತಂಕವೇ ಇರಲಿಲ್ಲ, ಅದೇ ನನಗೆ ಈಗಲೂ ಚುಚ್ಚುವುದು. ಅಕ್ಕ ಮೊಣಕೈಯಿಂದ ತಿವಿದಳು.

ನಾನು ಏಳಲಿಲ್ಲ. ಹೆದರಿದೆ ಎಂದು ಹೇಳಿಕೊಂಡರೆ ಸ್ವಲ್ಪ ಮರ್ಯಾದೆಯಾದರೂ ಉಳಿಯುತ್ತಿತ್ತು. ನಿಜ ಏನೆಂದರೆ, ಹಿಂದಿನ ದಿನ ಕಂಪನಿಯವರು ಇನ್ನು ಮುಂದೆ ತಮ್ಮ ಅಚ್ಚಿನ ಕೆಲಸವೆಲ್ಲ ನನಗೇ ಎಂದಿದ್ದರು, ವೇದಿಕೆಯವರು ಕರಪತ್ರ ನನಗೇ ಎಂದಿದ್ದರು. ನಾನು ಬಣ್ಣದ ಯಂತ್ರವೊಂದರ ಬೆಲೆಯನ್ನೂ ವಿಚಾರಿಸಿ ಬಂದಿದ್ದೆ. ಇಡೀ ಊರನ್ನು ಬೈದುಕೊಂಡು ಓಡಾಡಿದ ನನ್ನ ಬೆಲೆ ಒಂದು ಬಣ್ಣದ ಯಂತ್ರ. ಬಗ್ಗಿ ಚಪ್ಪಲಿಯ ಪಟ್ಟಿ ಸರಿಮಾಡಿಕೊಳ್ಳುತ್ತಾ ಇದ್ದೆ, ಆ ಪಟ್ಟಿ ಚೆನ್ನಾಗಿಯೇ ಇತ್ತು. ತಲೆ ಎತ್ತುವ ಹೊತ್ತಿಗೆ ಊಟದ ಬಿಡುವು ಘೋಷಿಸಿದ್ದರು.

ಒಂಬತ್ತಕ್ಕೇ ಮಂಜೂರಾಯಿತು. ಕಂಪನಿ ಗೆದ್ದೆವು ಎಂದಿತು. ಇನ್ನಿಪ್ಪತ್ತು ವರ್ಷ ದೂರಲು ವಿಷಯ ಸಿಕ್ಕ ಸಂತೋಷಕ್ಕೆ ಮ್ಯಾನೇಜರ್ ಸಾಹೇಬರು ಹತ್ತು ವರ್ಷ ಚಿಕ್ಕವರಾದ ಹಾಗೆ ಕಂಡರು. ಭಾವನ ಪಿಂಚಣಿಗೆ ಏನೂ ಆಗಲಿಲ್ಲ, ಅವರು ಎಲ್ಲಾ ಸುತ್ತೋಲೆಗಳನ್ನೂ ಪಾಲಿಸಿದ ಮಾದರಿ ನೌಕರ ಎಂದು ಆದೇಶದಲ್ಲೇ ಬರೆದಿದ್ದರು. ಅಕ್ಕ ಸಂತೋಷಪಡಬೇಕಿತ್ತು. ಅವಳು ನನ್ನ ಜೊತೆ ಮಾತು ಬಿಟ್ಟಳು.

ಆದೇಶದ ಇನ್ನೂರು ಪ್ರತಿ ತೆಗೆಯುವ ಕೆಲಸವೂ ನನಗೇ ಬಂತು. ನೂರ ನಲವತ್ತು ಮುಗಿದಿರಬೇಕು, ಭಾವ ಅಂಗಡಿಯ ಮೆಟ್ಟಿಲು ಹತ್ತಿ ಬಂದರು. ನಾನು ತಪ್ಪಾಯಿತು ಎನ್ನುವುದಕ್ಕೆ ಎರಡು ದಿನದಿಂದ ಮಾತು ಜೋಡಿಸಿಕೊಂಡಿದ್ದೆ, ಅವರನ್ನು ಕಂಡೊಡನೆ ಎಲ್ಲಾ ಮರೆತುಹೋಯಿತು. ಅವರು ತಾವೇ ಒಂದು ಪ್ರತಿ ಎತ್ತಿಕೊಂಡು, ಕನ್ನಡಕ ಏರಿಸಿ, ನಿಂತಲ್ಲೇ ಓದಿದರು. ನಾಲ್ಕನೇ ಪುಟದಲ್ಲಿ ಬೆರಳು ನಿಂತಿತು. ಅಲ್ಲಿ ಏನಿದೆ ಎಂದು ನನಗೆ ಗೊತ್ತಿತ್ತು, ಆ ದಿನ ನೂರ ನಲವತ್ತು ಸಲ ನೋಡಿದ್ದೆ: ಪುಸ್ತಕಗಳನ್ನು ಪುಟಪುಟವಾಗಿ ನೋಡಿದವರು ಸಭೆಯಲ್ಲಿ ಯಾರೂ ಹಾಜರಿರಲಿಲ್ಲ.

"ಎರಡನೇ ಸಾಲಲ್ಲಿ, ನಿಮ್ಮಕ್ಕನ ಪಕ್ಕ, ನೀನು ಕೂತಿದ್ದೆ ಅಂದ್ಕೊಂಡಿದ್ದೆ" ಎಂದರು.

ನಾನು ಯಂತ್ರಕ್ಕೆ ಇನ್ನೊಂದು ಹಾಳೆ ಕೊಟ್ಟೆ.

"ಇದರಲ್ಲಿ ಇಲ್ಲ ಅಂತ ಬರೆದಿದ್ದಾರೆ. ನಾನೇ ತಪ್ಪು ನೋಡಿರಬೇಕು ಬಿಡು" ಎಂದು ಆ ಕಾಗದವನ್ನು ಇದ್ದ ಜಾಗದಲ್ಲೇ ಇಟ್ಟು, ಅಂಚು ಸರಿಮಾಡಿ, ಮೆಟ್ಟಿಲು ಇಳಿದು ಹೋದರು.